ಮೂರು ತಂತಿಯ ಒಲೆ

ನಮ್ಮೂರಲ್ಲಿ ಒಲೆ ಹೊತ್ತಿಸಬೇಕಾದರೆ ಬೆಂಕಿಪೊಟ್ಟಣಕ್ಕಿಂತ ಮೊದಲು ಶ್ರುತಿ ಬೇಕು. ಮನೆಗೊಂದು ಡಬ್ಬಿ, ಡಬ್ಬಿಗೆ ಮೂರು ತಂತಿ, ಆ ಮೂರು ತಂತಿಗೆ ಆ ಮನೆಯದೇ ಆದ ಒಂದು ಶ್ರುತಿ. ದೀಪ ಹಚ್ಚುವ ಹೊತ್ತಿಗೆ ಮೂಡಲ ಓಣಿಯಿಂದ ಶುರುವಾಗಿ ಪಡುವಲ ಓಣಿಯವರೆಗೆ ಒಂದೊಂದೇ ಮನೆಯವರು ಬಾಗಿಲಲ್ಲಿ ಕೂತು ತಮ್ಮ ಮೂರು ತಂತಿಯನ್ನು ಒಂದೊಂದು ಸಲ ಮೀಟುತ್ತಾರೆ. ಊರ ನೆತ್ತಿಯ ಮೇಲೆ ವಾಲಿಕೊಂಡಿರುವ ಬಂಡೆ ಅದನ್ನು ಕೇಳಿಸಿಕೊಂಡು ಸುಮ್ಮನಿರುತ್ತದೆ. ಆಮೇಲೆ ಒಲೆ ಹೊತ್ತಿಸಬಹುದು, ರೊಟ್ಟಿ ಬಡಿಯಬಹುದು, ಗಂಡ ಹೆಂಡತಿ ಜಗಳವಾಡಬಹುದು. ಗುರುತಿಲ್ಲದ ಶ್ರುತಿಯೇನಾದರೂ ಕಿವಿಗೆ ಬಿದ್ದರೆ ಮಾತ್ರ ಬಂಡೆ ಮೈ ಮುರಿಯುತ್ತದೆ. ಹಿಂದೊಮ್ಮೆ ಹಾಗೆ ಮೈ ಮುರಿದಿತ್ತು, ಕೆಳಗಿನ ಓಣಿಯಲ್ಲಿ ಒಂದು ಮನೆಯಿತ್ತು ಎನ್ನುವುದಕ್ಕೆ ಈಗ ಬಾವಿಕಟ್ಟೆಯೊಂದೇ ಉಳಿದಿದೆ.

ಹೊರಗಿನವರಿಗೆ ಇದು ವಿಚಿತ್ರ, ನಮಗೆ ಅಭ್ಯಾಸ. ಸೈಕಲ್ಲಿನ ಗಂಟೆಯನ್ನು ಸೇತುವೆಯ ಹತ್ತಿರವೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೇವೆ. ರೇಡಿಯೋ ತಂದವರನ್ನು ಚಹಾ ಕುಡಿಸಿ ವಾಪಸ್ಸು ಕಳಿಸುತ್ತೇವೆ. ಮದುವೆಗೆ ಚಪ್ಪಾಳೆ ಸಾಕು. ಬಾಯಿಮಾತು ಬಂಡೆಗೆ ತಾಗುವುದಿಲ್ಲ. ತಾಗುವಂತಿದ್ದರೆ ನಮ್ಮ ಓಣಿಯ ನಲ್ಲಿಯ ಹತ್ತಿರದ ಜಗಳಕ್ಕೇ ಅದು ಎಂದೋ ಉರುಳಬೇಕಿತ್ತು. ನಮ್ಮ ಮಕ್ಕಳಿಗೆ ಮಗ್ಗಿ ಬರದಿದ್ದರೂ ಯಾರ ಮನೆಯ ಶ್ರುತಿ ಯಾವುದೆಂದು ಬರುತ್ತದೆ. ಸ-ಪ-ಸ ಗೌಡರದು, ಕೇಳಿದರೆ ತುಪ್ಪ ಸುರಿದಂತೆ. ಇಂಪಾದ ಶ್ರುತಿಗಳನ್ನೆಲ್ಲ ಮೊದಲು ಬಂದವರು ಬಾಚಿಕೊಂಡರು. ತಡವಾಗಿ ಮನೆ ಹೂಡಿದವರಿಗೆ ಉಳಿದದ್ದು ಹುಳಿ ಶ್ರುತಿಗಳು. ಅಂಥ ಮನೆಗೆ ಹೆಣ್ಣು ಕೊಡುವಾಗ ಜನ ಒಂದು ಸಂಜೆ ಹೋಗಿ ಕಿವಿಗೊಟ್ಟು ಕೇಳಿ, ಹುಡುಗಿ ತಡೆದುಕೊಂಡಾಳೇ ಎಂದು ಲೆಕ್ಕ ಹಾಕುತ್ತಾರೆ.

ನಾನು ಇಂದ್ರವ್ವ, ಚುಟ್ಟಾ ಸುತ್ತುವವಳು. ನಮ್ಮೂರಿನ ಅರ್ಧ ಜನಕ್ಕೆ ಅದೇ ಕಸುಬು. ಗಂಡ ತೀರಿಕೊಂಡ ಮೇಲೆ ಮೈದುನ ದುಂಡಪ್ಪನ ಮನೆಯಲ್ಲಿದ್ದೆ. ಮನೆ ಎಂದರೆ ಅವನು, ಅವನ ಹೆಂಡತಿ ಚಂಪಾವತಿ, ಅವರ ಇಬ್ಬರು ಮಕ್ಕಳು, ನಮ್ಮತ್ತೆ ಗುರುಬಸವ್ವ ಮತ್ತು ನಾನು. ನಾನೂ ಅತ್ತೆಯೂ ಸುತ್ತುತ್ತಿದ್ದೆವು, ದುಂಡಪ್ಪ ಮಾರುತ್ತಿದ್ದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಿತ್ತು, ಎದುರು ನಿಂತು ಬೈಯಬಹುದಿತ್ತು. ಒಳ್ಳೆಯದು ಮಾಡುತ್ತೇನೆಂದು ಹೊರಟವನನ್ನು ಬೈಯುವುದು ಹೇಗೆ?

ಒಂದು ದಿನ ಊಟಕ್ಕೆ ಕೂತವನು, ಚಂಪಾವತಿಯ ಅಣ್ಣ ಶಿವಪುತ್ರನಿಗೆ ನನ್ನನ್ನು ಉಡಿಕೆಯ ಮರುಮದುವೆ ಮಾಡಿ ಕೊಡುವುದೆಂದು ಮಾತು ಕೊಟ್ಟು ಬಂದಿದ್ದೇನೆ ಎಂದ. ಶಿವಪುತ್ರನಿಗೆ ಹಳ್ಳದಾಚೆ ಸುಣ್ಣದ ಭಟ್ಟಿ ಇತ್ತು, ಹೆಂಡತಿ ಸತ್ತಿದ್ದಳು. ಹಿಂದಿನ ವಾರ ಬಂದಾಗ ಅವನು ನನ್ನ ಮುಖವನ್ನಲ್ಲ, ಕೈಯನ್ನು ನೋಡುತ್ತ ಕೂತಿದ್ದ. ಎಷ್ಟು ಬೇಗ ಸುತ್ತುತ್ತಾಳೆ ಎಂದು ಚಂಪಾವತಿಯನ್ನು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೆ. ನಾನು ಒಲ್ಲೆ ಎಂದೆ. ಒಲ್ಲೆ ಎನ್ನುವ ಅಧಿಕಾರ ನಮ್ಮೂರಲ್ಲಿ ಒಲೆ ಇದ್ದವರಿಗೆ. ಯಾರ ಶ್ರುತಿ ಕೇಳಿ ಉಣ್ಣುತ್ತೀಯೋ ಅವರ ಮಾತು ನಿನ್ನ ಮಾತು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ವೈನಿ, ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ," ಎಂದು ಮತ್ತೊಂದು ರೊಟ್ಟಿ ಹಾಕಿಸಿಕೊಂಡ.

ಮರುದಿನ ಎಲೆ ಬಿಡಿಸುತ್ತ ಕೂತಾಗ ಅತ್ತೆ ಕೈ ನಿಲ್ಲಿಸದೆ ಹೇಳಿದಳು. "ನಾವಿಬ್ಬರೂ ಬ್ಯಾರೆ ಒಲಿ ಹೂಡೂಣು."

ನನಗೆ ನಗು ಬಂತು, ಆಮೇಲೆ ಅಳು ಬಂತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರದು ಒಂದೇ ಕಾಲವಾದದ್ದು ನನ್ನ ಗಂಡ ಹೋದ ಮೇಲೆ. ಅದಕ್ಕೂ ಮೊದಲು ನನ್ನ ಸಾರಿಗೆ ಉಪ್ಪು ಕಡಿಮೆ, ನನ್ನ ನಾಲಿಗೆಗೆ ಖಾರ ಜಾಸ್ತಿ ಎಂದು ಓಣಿಯೆಲ್ಲ ಹೇಳಿಕೊಂಡು ಬಂದವಳು ಅವಳೇ. ಮಗನ ಮನೆ ಬಿಟ್ಟು ಸೊಸೆಯ ಸಂಗಡ ಹೊರಡುತ್ತೇನೆನ್ನುವ ಅತ್ತೆಯನ್ನು ನಾನು ಕಂಡಿದ್ದಿಲ್ಲ. ಇರುವುದಕ್ಕೆ ಜಾಗವಿತ್ತು. ಅವಳ ತವರಿನವರು ಕೊಟ್ಟಿದ್ದ ಒಂದು ಕೊಠಡಿ ಓಣಿಯ ಕೊನೆಗೆ ಖಾಲಿ ಬಿದ್ದಿತ್ತು. ಇಲ್ಲದ್ದು ಶ್ರುತಿ.

ಹೊಸ ಶ್ರುತಿಗೆ ಬಂಡೆಯ ಒಪ್ಪಿಗೆ ಬೇಕು. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಬಂಡೆಯ ಬುಡಕ್ಕೆ ಡಬ್ಬಿ ಒಯ್ದು, ಬಂಡೆಯ ಮೇಲೆ ಒಂದು ಕಂಚಿನ ಬಟ್ಟಲಲ್ಲಿ ನೀರಿಟ್ಟು, ಮೂರು ತಂತಿ ಮೀಟಬೇಕು. ನೀರು ಅಲುಗದಿದ್ದರೆ ಒಲೆ ನಿಮ್ಮದು. ಅಲುಗಿದರೆ ಇಲ್ಲ, ಇನ್ನೊಂದು ಸಲ ಕೇಳುವಂತೆಯೂ ಇಲ್ಲ. ಮನುಷ್ಯನಿಗೆ ಜನ್ಮಕ್ಕೊಂದೇ ಸಲ. ಮೀಟಿದವರು ಬದುಕಿರುವವರೆಗೆ ಶ್ರುತಿ ಅವರದು, ಆಮೇಲೆ ಅವರ ಮನೆಯದು. ದರ್ಜಿ ಜಕ್ಕಪ್ಪ ಊರಲ್ಲಿ ಯಾರಿಗೂ ಇಲ್ಲದ ಶ್ರುತಿ ಹುಡುಕಿಕೊಂಡು ಹೋಗಿದ್ದ. ಮೂರನೆಯ ತಂತಿಗೆ ನೀರು ಬಟ್ಟಲು ಬಿಟ್ಟು ಹೊರಗೆ ಹಾರಿತು. ಅವನ ಕೂದಲು ಬೆಳ್ಳಗಾಗಿದೆ, ಇವತ್ತಿಗೂ ಮಾವನ ಮನೆಯಲ್ಲಿ ಉಣ್ಣುತ್ತಾನೆ. ಬಂಡೆಗೆ ಯಾವುದು ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂದು ಯಾರಿಗೂ ಗೊತ್ತಿಲ್ಲ.

ಡಬ್ಬಿ ಮಾಡುವುದು ಕಷ್ಟವಾಗಲಿಲ್ಲ. ಚುಟ್ಟಾ ತುಂಬುವ ತೆಳು ಮರದ ಪೆಟ್ಟಿಗೆಗಳು ನಮ್ಮಲ್ಲಿ ಮೂಲೆಗೊಂದು ಬಿದ್ದಿರುತ್ತವೆ. ಒಂದನ್ನು ಆರಿಸಿ ಮುಚ್ಚಳಕ್ಕೆ ಮೊಳೆ ಬಡಿದೆ, ಮುಚ್ಚಳದ ನಡುವೆ ತೂತು ಕೊರೆದೆ. ಕುತ್ತಿಗೆಗೆ ಮುರಿದ ಕಡಗೋಲಿನ ಕೋಲು. ಅದನ್ನು ಡಬ್ಬಿಯ ಹೊಟ್ಟೆಯಲ್ಲಿ ತೂರಿಸಿ ಆ ಕಡೆಯಿಂದ ಒಂದು ಬೆರಳಷ್ಟು ಹೊರಗೆ ಬಿಟ್ಟೆ. ಸೈಕಲ್ ಬ್ರೇಕಿನ ತಂತಿಯನ್ನು ಬಿಡಿಸಿ ಎಳೆ ತೆಗೆದೆ, ದಪ್ಪ ತಂತಿಗೆ ಎರಡೆರಡು ಎಳೆ ಹೊಸೆದೆ. ತಂತಿಯ ಕೆಳಗಿಡುವ ಕುದುರೆ ನನ್ನ ಹಳೆಯ ಬಾಚಣಿಗೆಯ ಬೆನ್ನು. ತಿರುವುವ ಬಿರಡೆಗಳನ್ನು ಅತ್ತೆ ಹುಣಸೆ ಕಟ್ಟಿಗೆಯಲ್ಲಿ ಕೆತ್ತಿದಳು. ಇಷ್ಟನ್ನೂ ಹೊಗೆಸೊಪ್ಪಿನ ಕೋಣೆಯಲ್ಲಿ ಮಾಡಿದೆವು, ಮಧ್ಯಾಹ್ನ ದುಂಡಪ್ಪ ಪೇಟೆಗೆ ಹೋದಾಗ, ಚಂಪಾವತಿ ಮಲಗಿದಾಗ.

ಕಷ್ಟ ಇದ್ದದ್ದು ಶ್ರುತಿ ಆರಿಸುವುದರಲ್ಲಿ. ಒಪ್ಪಿಗೆಯಿಲ್ಲದ ಶ್ರುತಿಯನ್ನು ಬಾರಿಸಿ ನೋಡುವಂತಿಲ್ಲವಲ್ಲ. ಅದಕ್ಕೆ ನಮ್ಮಲ್ಲೊಂದು ಉಪಾಯವಿದೆ. ಡಬ್ಬಿಯ ಹೊಟ್ಟೆಗೆ ಹೊಗೆಸೊಪ್ಪಿನ ಪುಡಿ ಒತ್ತಿ ಒತ್ತಿ ತುಂಬಿ, ಅದರ ಮೇಲೆ ಕೌದಿ ಸುತ್ತಿ, ಕೋಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು. ಆಮೇಲೆ ಉಗುರಿನ ತುದಿಯಿಂದ ತಂತಿಯನ್ನು ಸವರಿದರೆ ಹೊರಗೆ ಸೊಳ್ಳೆಯಷ್ಟೂ ಸದ್ದಾಗುವುದಿಲ್ಲ, ಕಚ್ಚಿದವರ ತಲೆಬುರುಡೆಯೊಳಗೆ ಮಾತ್ರ ನಾದ ತುಂಬುತ್ತದೆ. ನಾನು ಕಚ್ಚುತ್ತಿದ್ದೆ. ಅತ್ತೆಗೆ ಕಚ್ಚುವುದಕ್ಕೆ ಹಲ್ಲಿಲ್ಲ, ಆದ್ದರಿಂದ ಅವಳು ಹಣೆ ಒತ್ತುತ್ತಿದ್ದಳು. ಪುಡಿಯ ಘಾಟಿಗೆ ಇಬ್ಬರಿಗೂ ಸೀನು. ಬಾಯಲ್ಲಿ ಕೋಲು, ಕೈಯಲ್ಲಿ ತಂತಿ, ಮೂಗಲ್ಲಿ ಸೀನು ಬಂದು ನಿಂತಾಗ ನನ್ನ ಎದೆ ಹೊಡೆದುಕೊಳ್ಳುವುದು ಕೋಲಿನ ಮೂಲಕ ನನಗೇ ಕೇಳುತ್ತಿತ್ತು. ಕೈ ಜಾರಿದರೆ ಬಂಡೆಗೆ ತಿಳಿಯುತ್ತದೆ, ಬಂಡೆಗೆ ತಿಳಿದರೆ ಊರಿಗೆ ತಿಳಿಯುತ್ತದೆ, ಆಮೇಲೆ ಶಿವಪುತ್ರನ ಭಟ್ಟಿಯೇ ಗತಿ.

ಸಂಜೆ ಊರ ಶ್ರುತಿಗಳು ಒಂದರ ಹಿಂದೊಂದು ಹಾಯುವಾಗ ನಾನು ಸಂದು ಹುಡುಕುತ್ತಿದ್ದೆ. ಕಡೆಗೆ ಒಂದು ಸಿಕ್ಕಿತು, ಸ-ರಿ-ನಿ. ಊರಲ್ಲಿ ಯಾರದೂ ಅದರ ಹತ್ತಿರ ಸುಳಿದಿರಲಿಲ್ಲ. ಮರುದಿನ ಸಂಭ್ರಮದಿಂದ ಅತ್ತೆಯ ಹಣೆಗೆ ಒತ್ತಿ ಕೇಳಿಸಿದೆ. ಅವಳು ಕಹಿ ಕಷಾಯ ಕುಡಿದವಳಂತೆ ಮುಖ ಮಾಡಿ, ಇದನ್ನು ದಿನಾ ಸಂಜೆ ಕೇಳಿ ಅನ್ನ ಉಣ್ಣುವುದು ಹೇಗೆ, ಹಲ್ಲಿದ್ದವರ ಹಲ್ಲೂ ಉದುರುತ್ತವೆ ಎಂದಳು. ಯಾರಿಗೂ ಬೇಡವಾದದ್ದು ಬಂಡೆಗೂ ಬೇಡ ಎನ್ನುವುದು ಅವಳ ತರ್ಕ. ಯಾರದೂ ಅಲ್ಲದ್ದೇ ನನಗೆ ಬೇಕಿತ್ತು. ಹುಳಿಯಾದರೆ ಆಗಲಿ, ಇನ್ನೊಬ್ಬರ ತುಪ್ಪಕ್ಕಿಂತ ನನ್ನ ಹುಳಿ ಮೇಲು ಎಂದೆ. ಅದಕ್ಕವಳು, ಹುಳಿಯನ್ನು ಒಂದು ದಿನ ತಿನ್ನಬಹುದು, ಬಾಳಿನುದ್ದಕ್ಕೂ ತಿಂದು ನೋಡು ಎಂದಳು.

ಅವಳು ಆರಿಸಿದ್ದೇ ಬೇರೆ. ನಮ್ಮ ಮನೆಯ ಶ್ರುತಿ, ಎಂದರೆ ದುಂಡಪ್ಪ ದಿನಾ ಸಂಜೆ ಬಾಗಿಲಲ್ಲಿ ಕೂತು ಮೀಟುವ ಶ್ರುತಿ, ಸ-ಮ-ದ. ಅದರ ದಪ್ಪ ತಂತಿ, ನಡುವಿನ ತಂತಿ ಎರಡನ್ನೂ ಹಾಗೆಯೇ ಇಟ್ಟುಕೊಂಡು ಸಣ್ಣ ತಂತಿಯನ್ನು ಮಾತ್ರ ಒಂದು ಮೆಟ್ಟಿಲು ಮೇಲೆ ಹತ್ತಿಸಬೇಕು, ಸ-ಮ-ನಿ. "ಗುರುತಿನವರ ಸಂಗಡ ಬಂದವನ್ನ ಕಂಡು ನಾಯಿ ಬೊಗಳೂದಿಲ್ಲ," ಎಂದಳು. ಮೂರರಲ್ಲಿ ಎರಡು ಗುರುತಿದ್ದರೆ ಬಂಡೆ ಮೂರನೆಯದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆಯಂತೆ. ನನಗೆ ಸಿಟ್ಟು ಬಂತು. ಆ ಮನೆ ಬಿಟ್ಟು ಹೋಗುವುದಕ್ಕೆ ಇಷ್ಟೆಲ್ಲ ಮಾಡುತ್ತಿರುವಾಗ ಅದರದೇ ಎರಡು ತಂತಿಯನ್ನು ಕೊರಳಿಗೆ ಕಟ್ಟಿಕೊಂಡು ಹೋಗಬೇಕೇ? ಹೆತ್ತವರಿಗೆ ಹೆಗ್ಗಣ ಮುದ್ದು, ಮಗನನ್ನು ಪೂರಾ ಬಿಡಲಾರದೆ ಹೀಗೆ ಮಾಡುತ್ತಿದ್ದೀಯ ಎಂದುಬಿಟ್ಟೆ. ಆ ದಿನ ಇಬ್ಬರೂ ಬೆನ್ನು ಮಾಡಿಕೊಂಡು ಕೂತು ಚುಟ್ಟಾ ಸುತ್ತಿದೆವು. ಮರುದಿನ ನಾನೇ ಸೋತೆ. ಸೋತದ್ದು ಅವಳ ತರ್ಕಕ್ಕಲ್ಲ, ಜಕ್ಕಪ್ಪನ ನೆನಪಿಗೆ. ಯಾರದೂ ಅಲ್ಲದ ಶ್ರುತಿಯನ್ನು ನೆಚ್ಚಿ ಹೋದವನು ಅವನು.

ಸ-ಮ-ನಿ ಎಂದು ಗಟ್ಟಿ ಮಾಡಿದ ಮಧ್ಯಾಹ್ನವೇ ದುಂಡಪ್ಪ ಪೇಟೆಯಿಂದ ಬೇಗ ಬಂದ. ನಾವು ಬಾಗಿಲ ಸದ್ದು ಕೇಳಿ ಡಬ್ಬಿಯನ್ನು ಚೀಲಗಳ ನಡುವೆ ತುರುಕಿದೆವು. ಕೋಲಿನ ತುದಿ ಹೊರಗೇ ಉಳಿದಿತ್ತು. ಅವನು ಅದನ್ನು ಹಿಡಿದು ಎಳೆದ, ಕೌದಿ ಬಿಚ್ಚಿದ, ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದ. ತಂತಿಗಳ ಮೇಲೆ ಅವನ ಹೆಬ್ಬೆರಳಿತ್ತು. ಸುಮ್ಮನೆ ಹೆಬ್ಬೆರಳು ಎಳೆದರೆ ಸಾಕು, ಪುಡಿ ತುಂಬಿದ್ದರೂ ಅಷ್ಟು ದೊಡ್ಡ ಕೈಯ ಮೀಟಿಗೆ ಬಂಡೆ ಎಚ್ಚರವಾಗುತ್ತಿತ್ತು. ನಮ್ಮ ಒಂದೇ ಒಂದು ಸಲ ಅಲ್ಲಿಗೇ ಮುಗಿಯುತ್ತಿತ್ತು. ನಾನು ಅವನ ಹೆಬ್ಬೆರಳನ್ನೇ ನೋಡುತ್ತ ನಿಂತೆ.

ಅವನು ಮೀಟಲಿಲ್ಲ. ಬಹಳ ಹೊತ್ತು ಅವ್ವನ ಮುಖ ನೋಡಿದ. ಅವನಿಗೆ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು ಎಂದು ಇವತ್ತು ಅನ್ನಿಸುತ್ತದೆ, ಆವತ್ತು ನನಗೆ ಹೆದರಿಕೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. "ಹೋಗ್ರಿ, ಬಂಡೀ ಮುಂದ ಬಾರಿಸ್ರಿ. ನಾ ಅಡ್ಡ ಬರೂದಿಲ್ಲ," ಎಂದ. "ಆದ್ರ ನೀರು ಅಲುಗಿತಂದ್ರ ವೈನಿ ಅವತ್ತ ಶಿವಪುತ್ರನ ಸಂಗಡ ಹೋಗಬೇಕು. ಒಪ್ಪಿಗಿ ಐತೇನು?"

ಅತ್ತೆ ನನ್ನ ಕಡೆ ನೋಡಿದಳು. ಐತಿ ಎಂದೆ. ಬೇರೆ ಏನು ಹೇಳಬಹುದಿತ್ತು? ಡಬ್ಬಿ ಅವನ ಕೈಯಲ್ಲಿತ್ತು.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಕೆಳಗಿನ ಓಣಿ ಖಾಲಿಯಾಯಿತು. ಹೊಸ ಶ್ರುತಿಯ ದಿನ ಯಾವಾಗಲೂ ಹಾಗೆಯೇ. ಹಾಸಿಗೆ, ಕೂಸು, ಮುದುಕರು, ಕೋಳಿ ಎಲ್ಲವನ್ನೂ ಎತ್ತಿಕೊಂಡು ಜನ ಬಯಲಿಗೆ ಬಂದು ಕೂರುತ್ತಾರೆ. ನಿಮ್ಮ ದೆಸೆಯಿಂದ ನನ್ನ ಉಪ್ಪಿನಕಾಯಿ ಭರಣಿ ಹೊತ್ತುಕೊಂಡು ಬರಬೇಕಾಯಿತು ಎಂದು ಒಬ್ಬಳು ನನಗೆ ಶಾಪ ಹಾಕಿದಳು. ಬಂಡೆಯ ಬುಡದಲ್ಲಿ ದುಂಡಪ್ಪ ನಿಂತಿದ್ದ, ಪಕ್ಕದಲ್ಲಿ ಚಂಪಾವತಿ. ಅವಳ ಅಣ್ಣ ಶಿವಪುತ್ರನೂ ಬಂದಿದ್ದ. ಕಂಕುಳಲ್ಲೊಂದು ಚೀಲ, ಚೀಲದಿಂದ ಇಣುಕುವ ಹಸಿರು ಸೀರೆಯ ಅಂಚು. ಉಡಿಕೆಯ ಸೀರೆಯನ್ನು ಆಗಲೇ ತಂದುಬಿಟ್ಟಿದ್ದ.

ಬಂಡೆ ಕಾಯುವ ಕಲ್ಲಯ್ಯಜ್ಜ ಬಟ್ಟಲಿಗೆ ನೀರು ತುಂಬಿಸಿ ಬಂಡೆಯ ಮೇಲಿಟ್ಟ. ನೀರು ಕನ್ನಡಿಯಾಗುವವರೆಗೆ ಎಲ್ಲರೂ ಕಾದರು. ನಾನು ಡಬ್ಬಿಯ ಪುಡಿಯನ್ನೆಲ್ಲ ಕೊಡವಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಾರಿಸುವ ಮೊದಲು ಹೊಸ ಮನೆಯ ಹಿರಿಯರು ಡಬ್ಬಿಗೆ ಹಣೆ ಮುಟ್ಟಿಸುವುದು ಪದ್ಧತಿ. ಅತ್ತೆ ಬಗ್ಗಿದಳು. ಒಂದು ಕೈ ಮುಚ್ಚಳದ ಮೇಲೆ, ಇನ್ನೊಂದು ಬಿರಡೆಗಳ ಮೇಲೆ, ಹಣೆ ಕೋಲಿಗೆ. ಬಹಳ ಹೊತ್ತು ಹಾಗೇ ಇದ್ದಳು. ಬೇಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ನಾನೂ ಬೇಡಿಕೊಂಡೆ, ಯಾರನ್ನೆಂದು ಗೊತ್ತಿಲ್ಲ.

ದಪ್ಪ ತಂತಿ ಮೀಟಿದೆ. ನೀರು ಅಲುಗಲಿಲ್ಲ. ನಡುವಿನ ತಂತಿ ಮೀಟಿದೆ. ನೀರು ಅಲುಗಲಿಲ್ಲ. ಬಯಲಲ್ಲಿ ಒಂದು ಕೋಳಿ ಕೊಕ್ಕೆಂದರೂ ಕೇಳುತ್ತಿತ್ತು. ಬೆರಳು ಬೆವೆತಿತ್ತು, ಸೀರೆಗೆ ಒರೆಸಿಕೊಂಡು ಸಣ್ಣ ತಂತಿ ಮೀಟಿದೆ.

ನೀರು ಅಲುಗಲಿಲ್ಲ. ಆದರೆ ನನ್ನ ಕಿವಿಗೆ ಬಿದ್ದದ್ದು ನಿ ಅಲ್ಲ, ದ. ಸಣ್ಣ ತಂತಿ ಒಂದು ಮೆಟ್ಟಿಲು ಕೆಳಗಿಳಿದಿತ್ತು. ಸ-ಮ-ದ. ದಿನಾ ಸಂಜೆ ಕೇಳಿ ಉಂಡ ಶ್ರುತಿ, ನಾನು ಬಿಟ್ಟು ಹೊರಟ ಮನೆಯ ಶ್ರುತಿ. ಅಷ್ಟು ದಿನ ಹಲ್ಲು ನೋಯುವಂತೆ ಕೋಲು ಕಚ್ಚಿ ಆರಿಸಿ, ಕಡೆಗೆ ಬಂಡೆಯ ಮುಂದೆ ಮೈದುನನ ಶ್ರುತಿಯನ್ನೇ ಬಾರಿಸಿ ಕೂತಿದ್ದೆ. ಹೊಸ ತಂತಿ, ಜೋರಾಗಿ ಮೀಟಿದ್ದಕ್ಕೆ ಜಗ್ಗಿತು ಎಂದುಕೊಂಡೆ.

ಮೊದಲು ಯಾರೋ ನಕ್ಕರು, ಆಮೇಲೆ ಬಯಲೆಲ್ಲ ನಕ್ಕಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಉಪ್ಪಿನಕಾಯಿಯವಳು ಕೂಗಿದಳು. ಕಲ್ಲಯ್ಯಜ್ಜ ಬಟ್ಟಲಿನ ನೀರು ಚೆಲ್ಲಿ, ಇದು ದುಂಡಪ್ಪನ ಮನೆಯ ಶ್ರುತಿ, ಎರಡು ಒಲೆಗೆ ಒಂದೇ ಶ್ರುತಿ ನಡೆಯುವುದಿಲ್ಲ, ಮನೆಗೆ ಹೋಗಿ ಎಂದ. ಶಿವಪುತ್ರ ಚೀಲ ಸರಿಪಡಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದ. ನಾನು ಎದ್ದು ನಿಲ್ಲಲೂ ಆಗದೆ ಕೂತೇ ಇದ್ದೆ.

"ಕಲ್ಲಯ್ಯ," ಎಂದಳು ಅತ್ತೆ. ಅವಳ ಧ್ವನಿ ಮೆತ್ತಗಿತ್ತು, ಜನ ಕೇಳುವುದಕ್ಕಾಗಿ ನಗು ನಿಲ್ಲಿಸಬೇಕಾಯಿತು. "ಈ ಶ್ರುತಿ ಬಂಡೀಗಿ ಮೊದಲು ಕೇಳಿಸಿದವರು ಯಾರು?"

ಇನ್ಯಾರು, ನಿನ್ನ ಗಂಡ ಎಂದ ಅಜ್ಜ.

"ನನ್ನ ಗಂಡನ ಕೈ ಆವತ್ತು ಗಡಗಡ ನಡಗತಿದ್ದವು. ಡಬ್ಬಿ ನನ್ನ ತೊಡೀ ಮ್ಯಾಲಿತ್ತು. ನಿಮ್ಮಪ್ಪ ಬಂಡಿ ಕಾಯತಿದ್ದ, ನೀರಿನ ಬಟ್ಟಲಾ ಹಿಡಕೊಂಡು ಬಂದಾವ ನೀನು. ನೀನೂ ಮರತಿ ಅಂದ್ರ ನಾ ಈಗ ಎದ್ದು ಮನೀಗಿ ಹೋಗತೀನಿ."

ಕಲ್ಲಯ್ಯಜ್ಜ ದುಂಡಪ್ಪನ ಕಡೆ ನೋಡಿದ. ದುಂಡಪ್ಪ ಅವನಿಗೆ ವಾರಕ್ಕೊಂದು ಕಟ್ಟು ಚುಟ್ಟಾವನ್ನು ಪುಕ್ಕಟೆ ಕೊಡುತ್ತಿದ್ದ, ಅದು ಊರಿಗೆಲ್ಲ ಗೊತ್ತು. ಅಜ್ಜ ಮರೆತೆ ಎಂದರೆ ಮುಗಿಯಿತು. ಆವತ್ತು ಬಂಡೆಯ ಬುಡದಲ್ಲಿದ್ದವರಲ್ಲಿ ಬದುಕಿ ಉಳಿದವರು ಅವರಿಬ್ಬರೇ. ಅವನು ಗಡ್ಡ ಕೆರೆದುಕೊಂಡ, ಬಂಡೆಯನ್ನು ನೋಡಿದ, ಖಾಲಿ ಬಟ್ಟಲನ್ನು ನೋಡಿದ. ನನಗೆ ಆ ಮುದುಕನ ಗಡ್ಡ ಹಿಡಿದು ಜಗ್ಗಬೇಕೆನ್ನಿಸಿತು.

"ಹೌದು," ಎಂದ ಕಡೆಗೆ. "ಬಾರಿಸಿದಾಕಿ ಇಕೀನ."

ಬಯಲಲ್ಲಿ ಒಬ್ಬರೂ ನಗಲಿಲ್ಲ. ಮೀಟಿದವರು ಬದುಕಿರುವವರೆಗೆ ಶ್ರುತಿ ಅವರದು, ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಡಸರು ಬಾಗಿಲಲ್ಲಿ ಕೂತು ದಿನಾ ಬಾರಿಸುತ್ತ ಬಂದದ್ದರಿಂದ ಅದು ಅವರದೆಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಅತ್ತೆ ಎಲ್ಲಿಗೆ ಹೋಗುತ್ತಾಳೋ ಸ-ಮ-ದ ಅಲ್ಲಿಗೆ ಹೋಗುತ್ತದೆ. ಅವಳು ನನ್ನ ಸಂಗಡ ಹೊರಟಿದ್ದಳು. ಇವತ್ತು ಬಂಡೆಯ ಮುಂದೆ ಅದನ್ನು ಮೀಟಿದವಳು ನಾನಾದ್ದರಿಂದ, ಅವಳ ತರುವಾಯ ಅದು ನನಗೆ ಸೇರುತ್ತದೆ ಎಂದು ಅಜ್ಜ ತಾನಾಗಿಯೇ ಹೇಳಿದ. ಶಿವಪುತ್ರ ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಅವ್ವಾ," ಎಂದ ದುಂಡಪ್ಪ. "ಮತ್ತ ನಮ್ಮ ಒಲಿ?"

"ನಿನಗೂ ಒಂದು ಸಲ ಐತಿ. ಹುಡಕ್ಕೋ," ಎಂದಳು. ಹೇಳುವಾಗ ಅವಳು ಮಗನ ಮುಖ ನೋಡಲಿಲ್ಲ.

ಕೊಠಡಿಗೆ ಬಂದು ಕಸ ಗುಡಿಸಿ, ಮೂರು ಕಲ್ಲಿಟ್ಟು ಒಲೆ ಹೂಡಿದೆ. ಗೆದ್ದೆನೆಂದು ಮೈಯೆಲ್ಲ ಹಗುರವಾಗಿತ್ತು. ಆಮೇಲೆ, ಗೋಡೆಗೆ ಒರಗಿಸಿದ್ದ ಡಬ್ಬಿಯ ಬಿರಡೆಯನ್ನು ಮುಟ್ಟಿ ನೋಡಿದೆ. ಬಿಗಿಯಾಗಿತ್ತು. ತಾನಾಗಿ ಜಾರುವ ಬಿರಡೆಯಲ್ಲ ಅದು. ಹಣೆ ಮುಟ್ಟಿಸುವಾಗ ನೀನೇ ತಿರುವಿದೆಯಾ ಎಂದು ಅತ್ತೆಯನ್ನು ಕೇಳಿದೆ.

"ತಿರುವಿದೆ. ಮೊದಲ ಹೇಳಿದ್ರ ನೀ ಒಪ್ಪತಿದ್ದೇನು? ಹುಡುಗರ ಒಲಿ ಆರಿಸಾಕ ನಾ ಒಲ್ಲೆ ಅಂತಿದ್ದಿ."

ಅನ್ನುತ್ತಿದ್ದೆ. ಅದು ನಿಜವಾದ್ದರಿಂದಲೇ ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಬೆರಳಿನಿಂದ ಆ ಮಕ್ಕಳ ಒಲೆ ಆರಿಸಿದ್ದಳು, ನನ್ನನ್ನು ಒಂದು ಮಾತು ಕೇಳದೆ. ನಿನ್ನ ಮಗನಿಗೂ ನಿನಗೂ ಏನು ವ್ಯತ್ಯಾಸ, ಇಬ್ಬರೂ ನನ್ನ ಒಳ್ಳೆಯದಕ್ಕೇ ಮಾಡಿದವರು ಎಂದೆ. ಅತ್ತೆ ಮೂಲೆಯಲ್ಲಿ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು, ಸದ್ದಿಲ್ಲದೆ ಅತ್ತಳು. ಹೆತ್ತ ಮಗನ ಅನ್ನ ಕಿತ್ತುಕೊಂಡ ಹೊಟ್ಟೆ ಅದು, ಎಷ್ಟು ಉರಿದಿರಬೇಕು. ನನ್ನ ಸಿಟ್ಟು ಇಳಿಯಲಿಲ್ಲ, ಆದರೂ ಹೋಗಿ ಪಕ್ಕದಲ್ಲಿ ಕೂತೆ.

ದೀಪ ಹಚ್ಚುವ ಹೊತ್ತಾಯಿತು. ಮೂಡಲ ಓಣಿಯಿಂದ ಶ್ರುತಿಗಳು ಬರತೊಡಗಿದವು. ನಮ್ಮ ಓಣಿಗೆ ಬಂದು, ದುಂಡಪ್ಪನ ಮನೆಯ ಸರದಿಯಲ್ಲಿ ಒಂದು ಮೌನ ಬಂತು. ಇಡೀ ಓಣಿ ಆ ಮೌನವನ್ನು ಕೇಳಿತು. ಮೌನ ದಾಟಿ, ಸಾಲು ಮುಂದೆ ಸಾಗಿ, ಕೊನೆಯ ಕೊಠಡಿಗೆ ಬಂತು. ಅತ್ತೆ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟಳು. ಮೀಟಿದೆ. ಅದೇ ಮೂರು ಸ್ವರ, ನನ್ನ ಕೈಯಿಂದ ಬಂದಾಗ ಕೇಳಲು ಬೇರೆಯೇ ಆಗಿತ್ತು. ಕಡ್ಡಿ ಗೀರಿ ಒಲೆ ಹೊತ್ತಿಸಿದೆ. ಮೊದಲ ರೊಟ್ಟಿ ಹಂಚಿಗೆ ಹಾಕಿದೆ.

ಆಗ ಬಾಗಿಲಲ್ಲಿ ನೆರಳು ಬಿತ್ತು. ದುಂಡಪ್ಪ ನಿಂತಿದ್ದ. ಹಿಂದೆ ಚಂಪಾವತಿ, ಅವಳ ಕೈಯಲ್ಲಿ ಹಿಟ್ಟಿನ ಡಬರಿ, ಸೊಂಟಕ್ಕೆ ಅಂಟಿಕೊಂಡ ಎರಡು ಮಕ್ಕಳು. ಶ್ರುತಿಯಿಲ್ಲದ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಬೇರೆಯವರ ಬಾಗಿಲಿಗೆ ಹೋಗಲು ಅವನಿಗೆ ಮುಖವಿರಲಿಲ್ಲ.

"ವೈನಿ," ಎಂದ. "ಒಳಗ ಬರಲೇನ್ರಿ?"

ನಾನು ಅತ್ತೆಯ ಕಡೆ ತಿರುಗಿದೆ. ಅವಳ ಕಣ್ಣೆಲ್ಲ ಮಗನ ಮೇಲಿತ್ತು, ಆದರೂ ಕೂತಲ್ಲಿಂದ ಕದಲಲಿಲ್ಲ. "ನನ್ನ ಕೇಳಬ್ಯಾಡ. ಒಲೀ ಮುಂದ ಕುಂತಾಕಿ ನೀನು."

ರೊಟ್ಟಿ ಉಬ್ಬಿತು, ತಿರುವಿ ಹಾಕಿದೆ. ಹೊಸ್ತಿಲಾಚೆ ಆ ಕುಟುಂಬ ನಿಂತೇ ಇತ್ತು. ಚಿಕ್ಕದು ರೊಟ್ಟಿಯ ವಾಸನೆಗೆ ಮೂಗರಳಿಸುತ್ತಿತ್ತು. ಅವರನ್ನು ಕಳಿಸಿಬಿಡಬೇಕು ಎಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ಹಾಗೆ ಕಳಿಸುವ ಅಧಿಕಾರ ನನಗಿದೆ ಎನ್ನುವುದರ ರುಚಿ ಚೆನ್ನಾಗಿತ್ತು.

"ಚಂಪಾ, ಹುಡುಗರನ್ನ ಕರಕೊಂಡು ಒಳಗ ಬಾ," ಎಂದೆ. ಆಮೇಲೆ ದುಂಡಪ್ಪನಿಗೆ ಹೇಳಿದೆ. "ನನ್ನ ಕೇಳದನ ನನ್ನ ಮಾತು ಶಿವಪುತ್ರಗ ಕೊಟ್ಟು ಬಂದಿದ್ರಿ. ಅದನ್ನ ನೀವ ಹೋಗಿ ವಾಪಸ್ ತಗೊಂಡು ಬರ್ರಿ. ರೊಟ್ಟಿ ಬಿಸಿ ಇಟ್ಟಿರತೀನಿ."

ಅವನು ತಿರುಗಿ ಹಳ್ಳದ ದಾರಿ ಹಿಡಿದ. ಚಂಪಾವತಿ ತಲೆ ತಗ್ಗಿಸಿ ಒಳಗೆ ಬಂದಳು. ತನ್ನ ಅಣ್ಣನ ವಿಷಯ ಅವಳು ಎತ್ತಲಿಲ್ಲ, ಡಬರಿ ಇಳಿಸಿ ಹಿಟ್ಟು ನಾದಲು ಕೂತಳು. ಮಕ್ಕಳು ಉಂಡವು. ಅತ್ತೆ ಉಣ್ಣಲಿಲ್ಲ, ಬಾಗಿಲ ಕಡೆ ನೋಡುತ್ತ ಕೂತಳು. ನಾನೂ ಉಣ್ಣಲಿಲ್ಲ, ಯಾಕೆಂದು ಕೇಳಿದರೆ ಹಸಿವಿರಲಿಲ್ಲ ಎನ್ನುತ್ತೇನೆ. ಕಡೆಗೆ ಅವನು ಬಂದ, ಕಾಲಿಗೆಲ್ಲ ಸುಣ್ಣದ ಧೂಳು. ಹೊಸ್ತಿಲ ಆಚೆಯೇ ನಿಂತು, ಹೇಳಿ ಬಂದೆ ವೈನಿ ಎಂದ.

ನಾನು ಮಣೆ ಹಾಕಿದೆ.